ಎಂಟು ಬೋಲ್ಟು, ಆರು ಮಂದಿ ಹಮಾಲರು

ಪಿಕಪ್‌ನ ಡೀಸೆಲ್ ಟ್ಯಾಂಕಿನ ನೆತ್ತಿ ಮುಟ್ಟಬೇಕಾದರೆ ಮೂರು ದಾರಿ ಇವೆ. ಒಂದು, ಗಾಡಿಯ ಕೆಳಗೆ ಅಂಗಾತ ಮಲಗಿ ಟ್ಯಾಂಕನ್ನೇ ಕೆಳಗಿಳಿಸುವುದು. ಇನ್ನೊಂದು, ಬಾಡಿಯ ತಳದ ತಗಡಿಗೆ ಗ್ರೈಂಡರ್ ಹಿಡಿದು ಕಿಂಡಿ ಕೊಯ್ಯುವುದು. ಮೂರನೆಯದು, ಹಿಂದಿನ ಬಾಡಿಯನ್ನೇ ಚಾಸಿಯಿಂದ ಬಿಚ್ಚಿ, ಎತ್ತಿ ಪಕ್ಕಕ್ಕಿಡುವುದು. ನಾನು ಕಂಡ ಕಲಬುರಗಿಯ ಗ್ಯಾರೇಜ್‌ಗಳಲ್ಲಿ ಮೊದಲನೆಯದನ್ನು ರೂಢಿಯಿಂದ ಮಾಡುತ್ತಾರೆ, ಎರಡನೆಯದನ್ನು ಅವಸರಕ್ಕೆ ಮಾಡುತ್ತಾರೆ, ಮೂರನೆಯದನ್ನು ಕೇಳಿದರೆ ನಗುತ್ತಾರೆ. ನಾನು ಮೂರನೆಯದರ ಪಕ್ಷ. ಯಾಕೆ ಅಂತ ಹೇಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಡಬಲ್ ಕ್ಯಾಬಿನ್ ಪಿಕಪ್. ಕಂಪನಿ ಯಾವುದು ಅನ್ನೋದು ಬೇಡ. ಈ ಜಾತಿಯ ಗಾಡಿಗಳ ಜೋಡಣೆ ಹೆಚ್ಚುಕಮ್ಮಿ ಒಂದೇ ಥರ. ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿ, ಮುಂದೆ ಕ್ಯಾಬಿನ್, ಹಿಂದೆ ಬೇರೆಯಾಗಿಯೇ ಕೂತಿರುವ ಬಾಡಿ. ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ, ಚಾಸಿಯ ಒಳಮಗ್ಗುಲಲ್ಲಿ ಟ್ಯಾಂಕ್. ಡೀಸೆಲ್ ಹೋಗುವ ಪೈಪು, ವಾಪಸ್ ಬರುವ ಪೈಪು, ಡೀಸೆಲ್ ಮಟ್ಟ ತೋರಿಸುವ ಗೇಜಿನ ವೈರು, ಎಲ್ಲವೂ ಟ್ಯಾಂಕಿನ ನೆತ್ತಿಯ ಮೇಲಿರುವ ಒಂದೇ ದುಂಡು ಮುಚ್ಚಳದಿಂದ ಒಳಗೆ ಇಳಿಯುತ್ತವೆ. ಆ ಮುಚ್ಚಳಕ್ಕೂ ಬಾಡಿಯ ತಳಕ್ಕೂ ನಡುವೆ ಬೆರಳು ತೂರಬಹುದು, ಪಾನಾ ತೂರೋದಿಲ್ಲ. ಚಾಸಿಯ ಹೊರಗೇ ಟ್ಯಾಂಕ್ ತೂಗುಬಿಟ್ಟಿರುವ ಗಾಡಿಗಳೂ ಇವೆ. ಅಂಥ ಗಾಡಿ ಇರುವವರು ಪುಣ್ಯವಂತರು, ಅವರು ಈ ಬರಹ ಓದುವ ಅಗತ್ಯವೇ ಇಲ್ಲ.

ತೊಗರಿ ಸುಗ್ಗಿಯಲ್ಲಿ, ಅಂದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಈ ಗಾಡಿಗೆ ಬಿಡುವಿಲ್ಲ. ಆಳಂದ ಕಡೆಯ ಹಳ್ಳಿಗಳಲ್ಲಿ ಚೀಲ ತುಂಬಿಕೊಂಡು ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜಿಗೆ, ಇಲ್ಲಾ ಕಪನೂರಿನ ದಾಲ್ ಮಿಲ್ಲುಗಳಿಗೆ. ಓಡಿಸೋದು ನಮ್ಮ ಕಾಕಾ, ಲೆಕ್ಕಪತ್ರ ನಂದು. ಸುಗ್ಗಿ ಮುಗಿದ ಮೇಲೆ ಶಹಾಬಾದ್ ಕಲ್ಲು, ಸಿಮೆಂಟು, ಮದುವೆ ಮನೆಯ ಪಾತ್ರೆ, ಯಾವುದು ಸಿಕ್ಕರೆ ಅದು.

ಸುಗ್ಗಿಯ ನಡುವೆಯೇ ತೊಂದರೆ ಶುರುವಾಗಿತ್ತು. ಖಾಲಿ ಗಾಡಿ ಚೆನ್ನಾಗಿ ಓಡುತ್ತಿತ್ತು. ಲೋಡ್ ಹಾಕಿ ಒಂದರ್ಧ ಗಂಟೆ ಜೋರಾಗಿ ಎಳೆಸಿದರೆ ದಮ್ಮು ಕಳೆದುಕೊಳ್ಳುತ್ತಿತ್ತು. ಆಕ್ಸಿಲರೇಟರ್ ತಳಕ್ಕೆ ತುಳಿದರೂ ಮುಂದೆ ಹೋಗೋದಿಲ್ಲ, ಆಮೇಲೆ ನಿಂತೇ ಹೋಗುತ್ತದೆ. ರಸ್ತೆ ಬದಿ ನಿಲ್ಲಿಸಿ, ಒಂದು ಚಹಾ ಕುಡಿದು ಬಂದು ಕೀಲಿ ತಿರುಗಿಸಿದರೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ಚಾಲೂ. ಡೀಸೆಲ್ ಫಿಲ್ಟರ್ ಬದಲಾಯಿಸಿದೆವು. ಫಿಲ್ಟರ್ ಕೆಳಗಿನ ನೀರು ತೆಗೆದೆವು. ಇಂಜೆಕ್ಟರ್ ಬಿಚ್ಚಿ ಚೆಕ್ ಮಾಡಿಸಿ ಅಂದವರೂ ಇದ್ದರು. ಅದು ಸಾವಿರಗಟ್ಟಲೆ ಖರ್ಚಿನ ಮಾತು.

ಅದಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ, ಖರ್ಚು ಇಲ್ಲದ್ದು. ಟ್ಯಾಂಕನ್ನು ಆಟದಿಂದ ಹೊರಗಿಡುವುದು. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಅಲ್ಲಾಡದಂತೆ ಕಟ್ಟಿ, ಅದರಿಂದ ನೇರ ಫಿಲ್ಟರ್‌ಗೆ ಪೈಪು ಕೊಡಬೇಕು. ವಾಪಸ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಇಲ್ಲದಿದ್ದರೆ ಇಂಜಿನ್ ಬಳಸದೆ ಉಳಿದ ಡೀಸೆಲ್ ಎಲ್ಲಾ ಹಳೆ ಟ್ಯಾಂಕಿಗೆ ಹೋಗಿ ಕ್ಯಾನು ನೋಡುನೋಡುತ್ತಲೇ ಖಾಲಿ ಆಗುತ್ತದೆ. ಹೀಗೆ ಮಾಡಿ, ಅದೇ ಲೋಡು, ಅದೇ ರಸ್ತೆ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಅಂದರೆ ಇಂಜಿನ್ ಸರಿ ಇದೆ, ಪಂಪು ಸರಿ ಇದೆ, ತೊಂದರೆ ಹಿಂದೆ ಟ್ಯಾಂಕಿನಲ್ಲೋ ಅಲ್ಲಿಂದ ಬರುವ ಪೈಪಿನಲ್ಲೋ ಇದೆ.

ನಿಂತು ಹತ್ತು ನಿಮಿಷ ಆದ ಮೇಲೆ ಗಾಡಿ ಯಾಕೆ ಸರಿಹೋಗುತ್ತಿತ್ತು ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ತಳದಲ್ಲಿ ಗಸಿ ಇದ್ದರೆ, ಇಂಜಿನ್ ಜೋರಾಗಿ ಎಳೆದಷ್ಟೂ ಅದು ಬಂದು, ಚಹಾ ಸೋಸುವ ಜಾಲರಿಗೆ ಪುಡಿ ಕಟ್ಟಿಕೊಂಡ ಹಾಗೆ, ಅಲ್ಲಿ ಕೂರುತ್ತದೆ. ಇಂಜಿನ್ ನಿಂತರೆ ಎಳೆತ ಇಲ್ಲ. ಗಸಿ ಮೆಲ್ಲಗೆ ಕಳಚಿ ತಳಕ್ಕೆ ಬೀಳುತ್ತದೆ. ಮತ್ತೆ ದಾರಿ ತೆರೆಯುತ್ತದೆ.

ಇನ್ನೂ ಎರಡು ಸೂಚನೆ ಇದ್ದವು. ಟ್ಯಾಂಕ್ ಫುಲ್ ಮಾಡಿಸಿದ ದಿನ ಡೀಸೆಲ್ ವಾಸನೆ, ಗಾಡಿ ನಿಂತ ಕಡೆ ನಾಲ್ಕು ಹನಿ. ಅರ್ಧ ಟ್ಯಾಂಕ್ ಇದ್ದಾಗ ವಾಸನೆಯೂ ಇಲ್ಲ, ಹನಿಯೂ ಇಲ್ಲ. ಸೋರಿಕೆ ಮೇಲೆಲ್ಲೋ ಇದೆ ಅಂತ ಇದರರ್ಥ. ಜೊತೆಗೆ ಗೇಜಿನ ಮುಳ್ಳು ಅರ್ಧಕ್ಕೆ ನಿಂತು ವರ್ಷವಾಗಿತ್ತು. ಮೂರೂ ತೊಂದರೆ ಆ ಒಂದೇ ದುಂಡು ಮುಚ್ಚಳದ ಕಡೆ ಕೈ ತೋರಿಸುತ್ತಿದ್ದವು.

ಗಂಜಿನಲ್ಲಿ ಈ ವಿಷಯ ಮಾತಾಡಿದರೆ ಡ್ರೈವರ್‌ಗಳ ಸಲಹೆ ಒಂದೇ: ಕಿಂಡಿ ಹೊಡೆಸು. ಬಾಡಿಯ ತಳದಲ್ಲಿ, ಮುಚ್ಚಳ ಎಲ್ಲಿದೆಯೋ ಅದರ ನೇರಕ್ಕೆ, ಒಂದು ಚೌಕ ಕೊಯ್ಯುವುದು. ಕೆಲಸ ಮುಗಿದ ಮೇಲೆ ತಗಡು ಮುಚ್ಚಿ ಸ್ಕ್ರೂ ಹಾಕುವುದು. ಮುಂದಿನ ಸಲ ಐದು ನಿಮಿಷದ ಕೆಲಸ ಅಂತ ಅವರ ವಾದ. ಕೇಳೋದಕ್ಕೆ ಜಾಣತನದ ಮಾತೇ. ಆದರೆ ಕೊಯ್ಯೋದು ಯಾತರಿಂದ? ಗ್ರೈಂಡರ್‌ನಿಂದ. ಕಿಡಿ ಬೀಳೋದು ಎಲ್ಲಿ? ಸೋರುತ್ತಿರುವ ಟ್ಯಾಂಕಿನ ನೆತ್ತಿಯ ಮೇಲೆ.

"ಡೀಸೆಲ್ಲಿಗೆ ಬೆಂಕಿ ಹತ್ತಂಗಿಲ್ರೀ, ಅದೇನ್ ಪೆಟ್ರೋಲ್ ಅಲ್ಲ" ಅಂತ ಧೈರ್ಯ ಹೇಳುವವರು ಎಲ್ಲ ಕಡೆ ಇದ್ದಾರೆ. ಈ ಮಾತಿನ ಹಿಂದೆ ಅರ್ಧ ಸತ್ಯ ಇದೆ. ಯಾವುದೇ ಎಣ್ಣೆಗೆ ಫ್ಲ್ಯಾಶ್ ಪಾಯಿಂಟ್ ಅಂತ ಒಂದು ಇರುತ್ತದೆ. ಆ ಬಿಸಿ ಮುಟ್ಟುವವರೆಗೆ, ಕಿಡಿ ತಾಗಿದರೆ ಭಗ್ ಅನ್ನುವಷ್ಟು ಆವಿ ಅದರಿಂದ ಏಳೋದಿಲ್ಲ. ಪೆಟ್ರೋಲಿಗೆ ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೇ ಇದೆ, ಹಾಗಾಗಿ ಪೆಟ್ರೋಲ್ ಯಾವಾಗಲೂ ತಯಾರಾಗಿಯೇ ಇರುತ್ತದೆ. ಡೀಸೆಲ್ಲಿಗೆ ನಮ್ಮ ದೇಶದ ಮಾನದಂಡ ಐಎಸ್ 1460 ಹೇಳುವುದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ಬಂಕಿನಲ್ಲಿ ಸಿಗುವ ಡೀಸೆಲ್ಲಿನದು ಇದಕ್ಕಿಂತ ಮೇಲಿರಬಹುದು, ಆದರೆ ಭರವಸೆ ಇರೋದು 35ಕ್ಕೆ ಮಾತ್ರ. ಈಗ ಹೇಳಿ, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನೆರಳಿನಲ್ಲೇ ಎಷ್ಟಿರುತ್ತದೆ? 42, 43 ನಮಗೆ ಸುದ್ದಿಯೇ ಅಲ್ಲ. ಬಿಸಿಲಿಗೆ ಕಾದ ತಗಡಿನ ಕೆಳಗಿನ ಟ್ಯಾಂಕಿನಲ್ಲಿ ಇನ್ನೂ ಜಾಸ್ತಿ. ಮಡಿಕೇರಿಯಲ್ಲಿ ನಿಜವಾಗಿರುವ ಧೈರ್ಯ ನಮ್ಮಲ್ಲಿ ಬೇಸಿಗೆಯಲ್ಲಿ ನಿಜ ಅಲ್ಲ.

ಖಾಲಿ ಟ್ಯಾಂಕ್ ಸುರಕ್ಷಿತ ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಉರಿಯೋದು ಎಣ್ಣೆಯಲ್ಲ, ಗಾಳಿ ಬೆರೆತ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗವೇ ಕಡಿಮೆ, ಖಾಲಿ ಟ್ಯಾಂಕಿನ ತುಂಬ ಅದೇ. ಖಾಲಿ ಡ್ರಮ್ಮಿಗೆ ವೆಲ್ಡಿಂಗ್ ಹಿಡಿಯಲು ಹೋಗಿ ಕೈಕಾಲು ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತೇವೆ, ಅಲ್ವಾ?

ಟ್ಯಾಂಕ್ ಕೆಳಗಿಳಿಸುವುದು ಕಿಂಡಿಯಷ್ಟು ಕೆಟ್ಟದ್ದಲ್ಲ. ಗುಂಡಿ ಇರುವ, ಇಲ್ಲಾ ಗಾಡಿ ಎತ್ತುವ ಲಿಫ್ಟ್ ಇರುವ ಗ್ಯಾರೇಜ್ ಆದರೆ ಅದೇ ಸರಿ. ಆದರೆ ಬೇವಿನ ಮರದ ಕೆಳಗಿನ ಗ್ಯಾರೇಜಿನಲ್ಲಿ, ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ, ಅದು ಬೇರೆಯೇ ಕಥೆ. 50 ಲೀಟರ್ ಡೀಸೆಲ್ ಅಂದರೆ 41, 42 ಕೆಜಿ. ಅದರ ಮೇಲೆ ಟ್ಯಾಂಕಿನ ತೂಕ. ಅದೂ ಒಂದು ಕಡೆ ನಿಲ್ಲುವ ತೂಕ ಅಲ್ಲ, ಸ್ವಲ್ಪ ವಾಲಿದರೆ ಎಲ್ಲಾ ಆ ಕಡೆಗೇ ಓಡುವ ತೂಕ. ಡೀಸೆಲ್ ಪೂರ್ತಿ ತೆಗೆದೇ ಇಳಿಸಬೇಕು. ಟ್ಯಾಂಕನ್ನು ಹಿಡಿದಿರುವ ಪಟ್ಟಿ ಬಿಚ್ಚಿದ ಮೇಲೂ ಮೇಲಿನ ಪೈಪುಗಳು ಹಿಡಿದುಕೊಂಡಿರುತ್ತವೆ. ಅರ್ಧ ಇಳಿಸಿ, ಕಾಣದ ಜಾಗಕ್ಕೆ ಕೈ ಹಾಕಿ, ಗಟ್ಟಿಯಾದ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಬೆರಳಿನಲ್ಲೇ ಹುಡುಕಿ ಒತ್ತಬೇಕು. ಒಂದು ಮುರಿದರೆ ಪೈಪೇ ಹೊಸದು. ಮುಖದ ಮೇಲೆ ವರ್ಷಗಟ್ಟಲೆಯ ಮಣ್ಣು ಸುರಿಯುತ್ತಲೇ ಇರುತ್ತದೆ.

ನನ್ನ ತರ್ಕ ಸರಳ. ಕಾರ್ಖಾನೆಯಲ್ಲಿ ಇಂಥ ಗಾಡಿ ಕಟ್ಟುವಾಗ ಮೊದಲು ಬರೀ ಚಾಸಿ. ಅದಕ್ಕೆ ಸ್ಪ್ರಿಂಗು, ಆಕ್ಸಲ್ಲು, ಟ್ಯಾಂಕು, ಪೈಪುಗಳು. ಆಮೇಲೆ ಕ್ಯಾಬಿನ್. ಎಲ್ಲಕ್ಕಿಂತ ಕೊನೆಗೆ ಹಿಂದಿನ ಬಾಡಿ. ಟ್ಯಾಂಕ್ ಕೂರಿಸಿದವನಿಗೆ ಅದರ ನೆತ್ತಿ ಬಯಲಲ್ಲೇ ಇತ್ತು. ಅವನು ಮಲಗಿಕೊಂಡು ಕೈ ಹಾಕಲಿಲ್ಲ. ಕೊನೆಗೆ ಕೂತದ್ದನ್ನು ಮೊದಲು ಎಬ್ಬಿಸಿದರೆ ನಮಗೂ ಅವನಿಗೆ ಕಂಡಷ್ಟೇ ಸಲೀಸಾಗಿ ಕಾಣುತ್ತದೆ. ಬಾಡಿ ಎಷ್ಟೇ ದೊಡ್ಡದಾಗಿ ಕಾಣಲಿ, ಚಾಸಿಗೂ ಅದಕ್ಕೂ ಇರುವ ಸಂಬಂಧ ನಮ್ಮ ಗಾಡಿಯಲ್ಲಿ ಎಂಟೇ ಬೋಲ್ಟಿನದು.

ರಿಂಗ್ ರೋಡ್ ಆಚೆ ಇರುವ ಮಿಸ್ತ್ರಿ ಚಾಚಾ ಹತ್ತಿರ ಈ ತರ್ಕ ಇಟ್ಟೆ. ಅವರು ಬೀಡಿ ಆರಿಸಿ (ಈ ಕೆಲಸದ ಮಾತು ಬಂದರೆ ಅವರು ಬೀಡಿ ಆರಿಸುತ್ತಾರೆ, ಅದಕ್ಕೇ ಅವರ ಹತ್ತಿರ ಹೋಗೋದು) ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಬಿಚ್ಚೋದು ನಂದು, ತಮ್ಮಾ. ಎತ್ತೋರು ಯಾರು?"

ಪ್ರಶ್ನೆ ಸರಿಯಾಗಿಯೇ ಇತ್ತು. ಅವರ ಹತ್ತಿರ ಚೈನ್ ಪುಲ್ಲಿ ಇದೆ, ಆದರೆ ಅದನ್ನು ಕಟ್ಟೋದಕ್ಕೆ ಗಟ್ಟಿ ತೊಲೆ ಇಲ್ಲ. ಬೇವಿನ ಕೊಂಬೆಗೆ ಕಟ್ಟಿ ಬಾಡಿ ಎತ್ತಲು ಅವರು ಒಪ್ಪಲಿಲ್ಲ. ಹಾಗಾದರೆ ಮನುಷ್ಯರೇ ಬೇಕು. ಕಲಬುರಗಿಯಲ್ಲಿ ಎತ್ತುವವರಿಗೆ ಬರವೇ? ಗಂಜಿನಲ್ಲಿ ನಮ್ಮ ಚೀಲ ಇಳಿಸುವ ಹಮಾಲರೇ ಇದ್ದಾರಲ್ಲ. ಬೇಸಿಗೆಯಲ್ಲಿ ಆವಕ ಕಡಿಮೆ, ಅವರಿಗೂ ಬಿಡುವು. ಕಾಕಾ ಹೋಗಿ ಮಾತಾಡಿಕೊಂಡು ಬಂದರು.

ಬೋಲ್ಟ್ ಬಿಚ್ಚುವ ಕೆಲಸ ಹಿಂದಿನ ಸಂಜೆಯೇ ಶುರು. ಬಿಚ್ಚೋದಲ್ಲ, ನೆನೆಸೋದು. ಬೋಲ್ಟಿನ ತಲೆಗಳು ಬಾಡಿಯ ತಳದ ಏಣುಗಳ ನಡುವಿನ ಕಾಲುವೆಯಲ್ಲಿ ಇರುತ್ತವೆ. ನಮ್ಮ ಗಾಡಿಯಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಶಹಾಬಾದ್ ಕಲ್ಲಿನ ಪುಡಿ, ಸಿಮೆಂಟು, ಮಳೆನೀರು ಸೇರಿ ಗಟ್ಟಿಯಾಗಿ ಕಟ್ಟಿಬಿಟ್ಟಿತ್ತು. ಹಳೆ ಸ್ಕ್ರೂಡ್ರೈವರಿನಿಂದ ಕೆರೆದು, ತಂತಿ ಬ್ರಶ್ಶಿನಿಂದ ಉಜ್ಜಿ, ತಲೆಯ ಆರೂ ಮೂಲೆ ಕಾಣುವವರೆಗೆ ಬಿಡಿಸಿದೆವು. ಇದು ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಗೋಟಿ (ಬೋಲ್ಟಿನ ತಲೆಗೆ ಟೋಪಿಯ ಹಾಗೆ ಕೂರುವ ಪಾನಾ) ಪೂರ್ತಿ ಕೂರೋದಿಲ್ಲ. ಅರ್ಧ ಕೂತ ಗೋಟಿ ಬೋಲ್ಟಿನ ಮೂಲೆ ತಿಂದುಹಾಕುತ್ತದೆ, ಆಮೇಲೆ ಅದಕ್ಕೆ ದೇವರೇ ಗತಿ. ಮೇಲಿಂದಲೂ ಕೆಳಗಿನ ನಟ್ಟಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಟ್ಟೆವು.

ಬೆಳಿಗ್ಗೆ ಬಿಸಿಲೇರುವ ಮುಂಚೆ ಮಿಕ್ಕದ್ದು. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಕಳಚುವುದು. ಹಿಂಬಾಗಿಲು ತೆಗೆಯುವುದು, ಸುಮ್ನೆ ಯಾಕೆ ಅದರ ಭಾರ ಎತ್ತಬೇಕು. ಹಿಂದಿನ ಲೈಟುಗಳ ಕನೆಕ್ಟರು, ನಂಬರ್ ಪ್ಲೇಟಿನ ಬಲ್ಬಿನ ವೈರು, ಬಾಡಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ. ಡೀಸೆಲ್ ಹಾಕುವ ಬಾಯಿಯ ಸುತ್ತಲಿನ ಸಣ್ಣ ಸ್ಕ್ರೂಗಳು. ಇವನ್ನು ಮರೆತು ಎತ್ತಿದರೆ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪು ಹರಿಯುತ್ತದೆ. ಪ್ರತಿಯೊಂದು ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಬೋಲ್ಟಿಗೆ ಚಾಚಾ ಉದ್ದ ಹಿಡಿಯ ರಾಡಿಗೆ 17 ನಂಬರ್ ಗೋಟಿ ಸಿಕ್ಕಿಸಿ, ಮೊದಲು ಬಿಗಿ ಮಾಡುವ ಕಡೆಗೇ ಒಂದು ಕೂದಲೆಳೆಯಷ್ಟು ತಿರುಗಿಸಿದರು. ಟಕ್ ಅಂತ ಸದ್ದು. ಆಮೇಲೆ ಸಡಿಲಿಸುವ ಕಡೆಗೆ. "ಜಂಗ್ ಹಿಡದದ್ದಕ್ಕ ಜಬರ್‌ದಸ್ತಿ ಮಾಡಬಾರ್ದು. ಮೊದಲ ಅದರ ಹಿಡಿತ ಬಿಡಸಬೇಕು." ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್, ಮತ್ತೆ ಸ್ಪ್ರೇ, ಮತ್ತೆ ಅರ್ಧ ಸುತ್ತು. ತುಕ್ಕಿನ ಪುಡಿ ನೂಲಿನಿಂದ ಕೆಂಪಗೆ ಹೊರಗೆ ಬರುತ್ತಿತ್ತು. ಸೀದಾ ಬಿಚ್ಚಿದರೆ ಅದೇ ಪುಡಿ ಒಳಗೆ ಸಿಕ್ಕಿಕೊಂಡು ಬೋಲ್ಟು ಮುರಿಯುತ್ತದಂತೆ. ಏಳು ಬೋಲ್ಟು ಹೀಗೆ ಬಂದವು. ಎಂಟನೆಯದು ತಿರುಗುತ್ತಲೇ ಇತ್ತು, ಮೇಲೆ ಮಾತ್ರ ಬರಲಿಲ್ಲ. ಚಾಸಿಯ ಬ್ರ್ಯಾಕೆಟ್ಟಿನಲ್ಲಿ ನಟ್ಟು ಹಿಡಿದಿಡುವ ತಗಡಿನ ಗೂಡು ತುಕ್ಕಿಗೆ ಹೋಗಿತ್ತು, ಬೋಲ್ಟಿನ ಜೊತೆ ನಟ್ಟೂ ಸುತ್ತುತ್ತಿತ್ತು. ಅದೂ ಟ್ಯಾಂಕಿನ ಪಕ್ಕದ್ದೇ. ಗ್ಯಾಸ್ ಕಟರ್ ಹಿಡಿಯೋ ಹಾಗಿಲ್ಲ, ಗ್ರೈಂಡರ್ ಹಿಡಿಯೋ ಹಾಗಿಲ್ಲ. ಒಬ್ಬ ಹುಡುಗ ಕೆಳಗಿನಿಂದ ಪೈಪ್ ಪಾನಾದಲ್ಲಿ ನಟ್ಟು ಕಚ್ಚಿ ಹಿಡಿದ, ಚಾಚಾ ಮೇಲಿಂದ ತಿರುಗಿಸಿದರು. ಎಂಟರಲ್ಲಿ ಅರ್ಧದಷ್ಟು ಸಮಯ ಇದೊಂದೇ ತಿಂದಿತು.

ಹಮಾಲರು ಬಂದದ್ದು ಆರು ಮಂದಿ. ಬಂದ ತಕ್ಷಣ ಎದ್ದ ಪ್ರಶ್ನೆ ಕೂಲಿಯದು. ಗಂಜಿನ ಹಮಾಲಿ ಚೀಲದ ಲೆಕ್ಕದಲ್ಲಿ. ಇದು ಚೀಲ ಅಲ್ಲ. ಅವರ ಮುಂದಾಳು ಬಾಡಿಯ ಹಿಂದಿನ ಮೂಲೆಗೆ ಬಂದು, ಕಾಲು ಅಗಲಿಸಿ ನಿಂತು, ಅಂಚಿನ ಕೆಳಗೆ ಅಂಗೈ ಕೊಟ್ಟು ನಾಲ್ಕು ಬೆರಳು ಎತ್ತಿ ನೋಡಿದರು. ಮುಂದಿನ ಮೂಲೆಗೆ ಹೋಗಿ ಅಲ್ಲೂ ಹಾಗೇ. ಕೈ ಝಾಡಿಸಿಕೊಂಡು ಹೇಳಿದರು: "ನಾಕು ಚೀಲಿಗಿ ಸ್ವಲ್ಪ ಕಮ್ಮಿ ಅದ ನೋಡ್ರಿ ಸಾವ್ಕಾರ್ರ. ನಾಕರ ಲೆಕ್ಕ ಹಿಡೀರಿ." ಈಗಿನ ಚೀಲ 50 ಕೆಜಿ. ಅಂದರೆ ಇನ್ನೂರರ ಒಳಗೆ. ಇಂಥ ಉಕ್ಕಿನ ಬಾಡಿಗಳು ನೂರೈವತ್ತರಿಂದ ಇನ್ನೂರು ಕೆಜಿ ಆಸುಪಾಸು ಇರುತ್ತವೆ ಅಂತ ನಾನೂ ಲೆಕ್ಕ ಹಾಕಿದ್ದೆ, ಕಂಪ್ಯೂಟರ್ ಮುಂದೆ ಕೂತು ಒಂದು ಸಂಜೆ ಕಳೆದು. ಅವರಿಗೆ ಅಂಗೈ ಸಾಕಾಯಿತು.

ತಲೆಗೆ ಮೂವತ್ತು ಕೆಜಿ ಚಿಲ್ಲರೆ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಇವರಲ್ಲಿ ಹಿರಿಯರು ಕ್ವಿಂಟಲ್ ಚೀಲ ಬೆನ್ನ ಮೇಲೆ ಹಾಕಿಕೊಂಡು ಬೆಳೆದವರು. ಅವರ ಮಂಡಿ ನೋಡಿದರೆ ಗೊತ್ತಾಗುತ್ತದೆ. ಮೂವತ್ತು ಅಂದಾಗ ನಕ್ಕರು.

ಆದರೂ ಅವರ ಜಾಗ್ರತೆ ನೋಡಿ ನಾನು ಬೆರಗಾದೆ. ಎತ್ತುವ ಮೊದಲು ಇಡುವ ಜಾಗ ನೋಡಿದರು. ಗಾಡಿಯ ಹಿಂದೆ ಹಳೆ ಟೈರುಗಳನ್ನು ಸಾಲಾಗಿ ಹಾಕಿಸಿದರು, ಕಲ್ಲು ತೆಗೆಸಿದರು. ಕ್ಯಾಬಿನ್ ಕಡೆ ಇಬ್ಬರು, ನಡುವೆ ಇಬ್ಬರು, ಹಿಂದೆ ಇಬ್ಬರು. ಚಪ್ಪಲಿ ಬಿಟ್ಟರು, ಚಪ್ಪಲಿಯಲ್ಲಿ ಕಾಲು ಜಾರುತ್ತದಂತೆ. ಮಾತು ಒಬ್ಬರದೇ, ಉಳಿದವರದು ಬರೀ ಹೂಂಕಾರ. ಮೊದಲ ಎತ್ತಿಗೆ ಒಂದು ಗೇಣು ಮೇಲೆ ಬಂತು. ಅಲ್ಲೇ ನಿಲ್ಲಿಸಿ, "ಮಿಸ್ತ್ರಿ, ಕೆಳಗ ಏನರ ಹಿಡದದ ಏನು ನೋಡು" ಅಂದರು. ಚಾಚಾ ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದ ಒಂದು ವೈರು ಬಿಡಿಸಿದರು. ಆಮೇಲೆ ಹಿಂದಕ್ಕೆ ನಡೆದರು, ಹಿಂದಿನ ಚಕ್ರ ದಾಟಿಸಿದರು, ಟೈರಿನ ಮೇಲೆ ಸದ್ದಿಲ್ಲದೆ ಇಟ್ಟರು. ನಾನು ಫೋಟೋ ತೆಗೆಯಲು ಫೋನು ಸರಿ ಹಿಡಿಯುವಷ್ಟರಲ್ಲಿ ಮುಗಿದಿತ್ತು.

ಅಷ್ಟು ಜನ ಇಲ್ಲದವರಿಗೆ ಇನ್ನೊಂದು ಉಪಾಯ ಇದೆ ಅಂತ ಚಾಚಾ ಹೇಳಿದರು. ಒಂದು ಮಗ್ಗುಲಿನ ಬೋಲ್ಟುಗಳನ್ನು ಪೂರ್ತಿ ತೆಗೆದು, ಇನ್ನೊಂದು ಮಗ್ಗುಲಿನವನ್ನು ಸಡಿಲ ಮಾತ್ರ ಮಾಡಿ, ಬಾಡಿಯನ್ನು ಓರೆಯಾಗಿ ಎತ್ತಿ ಮರದ ದಿಮ್ಮಿ ಕೊಡುವುದು. ಕೈ ಹೋಗುವಷ್ಟು ಜಾಗ ಆಗುತ್ತದೆ. ದಿಮ್ಮಿ ಜಾರಿದರೆ ಕೈಯೂ ಹೋಗುತ್ತದೆ. ನಾನಂತೂ ಆ ಉಪಾಯಕ್ಕೆ ಕೈ ಹಾಕೋದಿಲ್ಲ.

ಬಾಡಿ ಹೋದ ಮೇಲೆ ಕಂಡ ಟ್ಯಾಂಕಿನ ನೆತ್ತಿಯನ್ನು ನಾನು ತುಂಬ ಹೊತ್ತು ನೋಡಿದೆ. ಟ್ಯಾಂಕೇ ಕಾಣುತ್ತಿರಲಿಲ್ಲ. ಎರೆ ಮಣ್ಣು ದಪ್ಪಗೆ ಕೂತು, ಒಣಗಿ, ಹೊಲದಲ್ಲಿ ಬಿಡುವ ಹಾಗೆಯೇ ಬಿರುಕು ಬಿಟ್ಟಿತ್ತು. ಸ್ಕ್ರೂಡ್ರೈವರ್ ಚುಚ್ಚಿ ಒಂದು ಹೆಂಟೆ ಎಬ್ಬಿಸಿದರೆ ಪದರ ಪದರ. ಮೇಲೆ ಬೂದಿ ಬಣ್ಣದ ಕಲ್ಲಿನ ಪುಡಿ, ಅದರ ಕೆಳಗೆ ಕಪ್ಪು ಮಣ್ಣು, ನಡುವೆ ತೊಗರಿ ಹೊಟ್ಟು, ಇನ್ನೂ ಕೆಳಗೆ ಮತ್ತೆ ಮಣ್ಣು. ಒಂದು ಮೂಲೆಯಲ್ಲಿ ಗೋಣಿ ನಾರು, ಪ್ಲಾಸ್ಟಿಕ್ ಚೂರು ಸೇರಿಸಿ ಇಲಿ ಗೂಡು ಕಟ್ಟಿತ್ತು. ವಾಪಸ್ ಪೈಪಿನ ರಬ್ಬರಿನ ಮೇಲೆ ಅದರ ಹಲ್ಲಿನ ಗುರುತು. ಹೆಂಟೆಯ ಒಳಭಾಗ ಮೇ ತಿಂಗಳಲ್ಲೂ ತಣ್ಣಗಿತ್ತು, ಸ್ವಲ್ಪ ಜಿಗುಟು. ಎರೆಗೆ ನೀರು ಹಿಡಿದಿಟ್ಟುಕೊಳ್ಳುವ ಗುಣ. ಅದರಿಂದಲೇ ನಮ್ಮಲ್ಲಿ ಹಿಂಗಾರಿ ಜೋಳ ಹಳೆ ತೇವದ ಮೇಲೆ ಬೆಳೆಯೋದು. ಆ ಗುಣವೇ ಉಕ್ಕಿಗೆ ಶತ್ರು. ಮಳೆ ನಿಂತು ತಿಂಗಳಾದರೂ ಟ್ಯಾಂಕಿನ ನೆತ್ತಿ, ಪಟ್ಟಿ, ಬೋಲ್ಟು ಒದ್ದೆಯಲ್ಲೇ ಇರುತ್ತವೆ. ಮೇಲಿಂದ ನೀರು ಹೊಡೆದು ವಾಟರ್ ಸರ್ವಿಸ್ ಮಾಡಿಸಿದರೆ ಈ ಮಣ್ಣು ಹೋಗೋದಿಲ್ಲ, ಇನ್ನಷ್ಟು ನೆನೆಯುತ್ತದೆ ಅಷ್ಟೆ.

ಮುಚ್ಚಳ ಬಿಚ್ಚುವ ಮುಂಚೆ ಇದೆಲ್ಲ ಹೋಗಬೇಕು. ಇಲ್ಲದಿದ್ದರೆ ಮುಚ್ಚಳ ಎತ್ತಿದ ಕ್ಷಣ ಅಷ್ಟೂ ಮಣ್ಣು ಟ್ಯಾಂಕಿನೊಳಗೆ. ಕೆರೆದು, ಗಾಳಿ ಹೊಡೆದು, ಡೀಸೆಲ್ ಬಟ್ಟೆಯಿಂದ ಒರೆಸಿ, ಮತ್ತೆ ಗಾಳಿ. ಆಗ ಸೋರಿಕೆಯ ಜಾಗ ತಾನಾಗೇ ಕಂಡಿತು. ಮುಚ್ಚಳದ ಒಂದು ಕಡೆ ಮಣ್ಣು ಎಣ್ಣೆ ಕುಡಿದು ಕರ್ರಗಾಗಿತ್ತು. ಮುಚ್ಚಳವನ್ನು ಹಿಡಿದಿರುವುದು ಒಂದು ದೊಡ್ಡ ಬಳೆ, ತಿರುಗಿಸಿದರೆ ಬಿಚ್ಚುವಂಥದ್ದು. ಚಾಚಾ ಅದಕ್ಕೆ ಛೇಣಿ ಹಾಕಲಿಲ್ಲ. ಹಿತ್ತಾಳೆ ತುಂಡು ಇಟ್ಟು ಸುತ್ತಿಗೆಯಲ್ಲಿ ಸುತ್ತಲೂ ಸಣ್ಣಗೆ ಬಡಿದರು. ಹಿತ್ತಾಳೆಗೆ ಕಿಡಿ ಬರೋದಿಲ್ಲ. ಬಳೆ ಮತ್ತು ಟ್ಯಾಂಕಿನ ಮೇಲೆ ಸೇರಿಸಿ ಒಂದು ಗೆರೆ ಎಳೆದಿದ್ದರು, ವಾಪಸ್ ಕೂರಿಸುವಾಗ ದಿಕ್ಕು ತಪ್ಪಬಾರದು ಅಂತ.

ಒಳಗಿನ ಜೋಡಣೆಯನ್ನು ಓರೆ ಮಾಡಿ, ಗೇಜಿಗೆ ಮಟ್ಟ ತಿಳಿಸುವ ಫ್ಲೋಟಿನ ತಂತಿ ಬಾಗದಂತೆ ಹೊರತೆಗೆದರು. ಜಾಲರಿ ಕಾಣಲಿಲ್ಲ. ಅದರ ಜಾಗದಲ್ಲಿ ಕಂದು ಬಣ್ಣದ ಲೋಳೆ. ಬೆರಳಿಗೆ ಹಚ್ಚಿಕೊಂಡರೆ ಜಾರುತ್ತದೆ, ನಡುವೆ ತುಕ್ಕಿನ ಕಣ ಚುಚ್ಚುತ್ತದೆ. ನೀರಿಲ್ಲದೆ ಈ ಲೋಳೆ ಆಗೋದಿಲ್ಲ. ಟ್ಯಾಂಕ್ ಸದಾ ಅರೆಖಾಲಿ ಇದ್ದರೆ ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಒಳಗಿನ ಗಾಳಿಯ ತೇವ ಗೋಡೆಗೆ ಬೆವರಿ ತಳಕ್ಕೆ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲೇ ಕೂರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಇವು ಡೀಸೆಲ್ಲನ್ನೇ ತಿಂದು ಬದುಕುವಂಥವು. ಸುಗ್ಗಿಯಲ್ಲಿ ಹಳ್ಳಿಗಳಲ್ಲಿ ಡ್ರಮ್ಮಿನಿಂದ ಸುರಿಸಿಕೊಂಡ ಡೀಸೆಲ್ಲಿನ ಪಾಲೂ ಇದರಲ್ಲಿ ಇರಲೇಬೇಕು.

ಟ್ಯಾಂಕ್ ಬಯಲಿನಲ್ಲೇ ಇತ್ತಲ್ಲ, ಪಟ್ಟಿ ಬಿಚ್ಚಿ ಮೇಲಕ್ಕೇ ಎತ್ತಿಕೊಂಡು ತೊಳೆದೆವು. ಜಾಲರಿ ಹೊಸದು, ಇಲಿ ಕಡಿದ ಪೈಪು ಹೊಸದು. ಮುಚ್ಚಳದ ರಬ್ಬರ್ ರಿಂಗು ಒಡೆದು ನಾಲ್ಕು ತುಂಡಾಗಿತ್ತು. ಅದು ಸರಿ ಇದ್ದಿದ್ದರೂ ಹೊಸದೇ ಬೇಕು. ಡೀಸೆಲ್ಲಿನಲ್ಲಿ ಉಬ್ಬಿದ ರಿಂಗು ಒಮ್ಮೆ ತೆಗೆದರೆ ಮತ್ತೆ ಅದರ ತೋಡಿನಲ್ಲಿ ಕೂರೋದಿಲ್ಲ. ಈ ರಿಂಗನ್ನು ಮೊದಲೇ ಹೈದರಾಬಾದಿನಿಂದ ಬಸ್ ಪಾರ್ಸೆಲ್ಲಿನಲ್ಲಿ ತರಿಸಿ ಇಟ್ಟುಕೊಂಡಿದ್ದೆ. ಬಾಡಿ ಎತ್ತಿದ ಮೇಲೆ ರಿಂಗು ಹುಡುಕಲು ಹೊರಟರೆ ಗಾಡಿ ಬರೀ ಚಾಸಿಯಾಗಿ ನಿಂತಿರುತ್ತದೆ. ಗೇಜಿನ ಮುಳ್ಳಿನ ತೊಂದರೆಗೆ ಕಾರಣ ಫ್ಲೋಟ್ ಅಲ್ಲವೇ ಅಲ್ಲ, ಅರ್ತ್ ವೈರಿನ ತುದಿ ಮಣ್ಣಿನೊಳಗೆ ಕೊಳೆತು ಹೋಗಿತ್ತು. ಹತ್ತು ರೂಪಾಯಿಯ ತಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿದರು.

ಬಾಡಿ ಎತ್ತಿಸಿದ್ದಕ್ಕೆ ನನಗೆ ನಿಜವಾಗಿ ಸಮಾಧಾನ ಆದದ್ದು ಬೇರೊಂದು ಕಾರಣಕ್ಕೆ. ಟ್ಯಾಂಕಿನ ಪಕ್ಕದಲ್ಲೇ ಚಾಸಿಯ ಮೇಲಿಂದ ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕಿನ ಉಕ್ಕಿನ ಪೈಪು ಇದೆ. ಕ್ಲಿಪ್ಪಿನ ಕೆಳಗೆ ಅದನ್ನು ಉಗುರಿನಿಂದ ಕೆರೆದರೆ ತುಕ್ಕು ಹಳಕು ಹಳಕಾಗಿ ಎದ್ದು ಬಂತು. ಕೆಳಗಿನಿಂದ ಎಷ್ಟು ಬಗ್ಗಿ ನೋಡಿದರೂ ಆ ಜಾಗ ಕಾಣೋದಿಲ್ಲ. ಕಿಂಡಿ ಕೊಯ್ದಿದ್ದರೂ ಕಾಣುತ್ತಿರಲಿಲ್ಲ. ಆ ಪೈಪನ್ನೇ ನಂಬಿ, ಗಾಡಿ ತುಂಬ ಚೀಲ ಹೇರಿಕೊಂಡು ಕಾಕಾ ಎಷ್ಟು ಓಡಾಡಿದ್ದರೋ. ಅದನ್ನೂ ಬದಲಾಯಿಸಿದೆವು. ಚಾಸಿಗೆ ತಂತಿ ಬ್ರಶ್ಶು, ರೆಡ್ ಆಕ್ಸೈಡು, ಕಪ್ಪು ಬಣ್ಣ. ಹಾಳಾದ ನಟ್ಟಿನ ಗೂಡಿಗೆ, ಟ್ಯಾಂಕ್ ದೂರ ಇಟ್ಟ ಮೇಲೆ, ಹೊಸ ನಟ್ಟು ವೆಲ್ಡ್ ಮಾಡಿದರು. ಚಾಸಿಯ ಮೇಲಿನ ರಬ್ಬರ್ ಪ್ಯಾಕಿಂಗುಗಳನ್ನೂ ಹೊಸದು ಹಾಕಿದರು.

ಸಂಜೆ ಹಮಾಲರು ವಾಪಸ್ ಬಂದರು. ಇಳಿಸಿದ್ದು ನಾಲ್ಕು ಚೀಲ, ಏರಿಸೋದು ನಾಲ್ಕು ಚೀಲ, ಲೆಕ್ಕ ಸರಿ. ಏರಿಸೋದು ಇಳಿಸಿದ್ದಕ್ಕಿಂತ ಕಷ್ಟ, ಎಂಟು ತೂತು ಎಂಟು ತೂತಿಗೆ ಸೇರಬೇಕು. ಚಾಚಾ ಎರಡು ತೂತಿಗೆ ಉದ್ದನೆಯ ರಾಡು ತೂರಿಸಿ ದಾರಿ ತೋರಿಸಿದರು, ಬಾಡಿ ಆ ರಾಡುಗಳ ಮೇಲೆ ಇಳಿದು ಕೂತಿತು. ಎಲ್ಲ ಬೋಲ್ಟು ಗ್ರೀಸು ಹಚ್ಚಿ ಕೈಯಲ್ಲೇ ಹತ್ತಿಸಿ, ಡೀಸೆಲ್ ಬಾಯಿಯ ಸ್ಕ್ರೂಗಳನ್ನು ಹಾಕಿ, ಕ್ಯಾಬಿನ್‌ಗೂ ಬಾಡಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಇದೆಯಾ ಅಂತ ಬೆರಳಿಟ್ಟು ಅಳೆದು, ಆಮೇಲೆ ಬಿಗಿ ಮಾಡಿದರು. ಮೊದಲೇ ಬಿಗಿ ಮಾಡಿದರೆ ಸಂದು ಓರೆಯಾಗಿ ಬಾಡಿ ಕ್ಯಾಬಿನ್ನಿಗೆ ಉಜ್ಜುತ್ತದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪು ಒತ್ತಿ ಒತ್ತಿ ಪೈಪಿನ ಗಾಳಿ ಹೊರಹಾಕಿದ ಮೇಲೆ ಇಂಜಿನ್ ಚಾಲೂ ಆಯಿತು. ಇಂಡಿಕೇಟರ್, ಬ್ರೇಕ್ ಲೈಟ್ ನೋಡಿದೆವು. ಬ್ರೇಕಿನ ಗಾಳಿ ತೆಗೆದು ಹೊಸ ಆಯಿಲ್ ಹಾಕಿದರು.

ಟ್ಯಾಂಕ್ ಫುಲ್ ಮಾಡಿಸಿ ರಾತ್ರಿ ನಿಲ್ಲಿಸಿದ ಕಡೆ ಹನಿ ಇರಲಿಲ್ಲ. ಮಾರನೆಯ ವಾರ ಆಳಂದ ರಸ್ತೆಯಲ್ಲಿ ಪೂರ್ತಿ ಲೋಡ್ ಹಾಕಿಕೊಂಡು ಬಂದ ಕಾಕಾ, ಎಲ್ಲೂ ನಿಲ್ಲಲಿಲ್ಲ, ಹಾಗಾಗಿ ಚಹಾನೂ ಆಗಲಿಲ್ಲ ಅಂತ ಗೊಣಗಿದರು. ಖರ್ಚು ಕಿಂಡಿಗಿಂತ ಜಾಸ್ತಿ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಜಾಸ್ತಿ ಆದದ್ದು ಬ್ರೇಕ್ ಪೈಪು, ಬಣ್ಣ, ರಬ್ಬರುಗಳಿಗೆ. ಬರೀ ಬಾಡಿ ಎತ್ತಿ ಇಟ್ಟ ಖರ್ಚು ಎಂಟು ಚೀಲದ ಹಮಾಲಿ.

ಈಗ ಗಂಜಿನ ಇನ್ನಿಬ್ಬರು ಡ್ರೈವರ್‌ಗಳು ಕಿಂಡಿಯ ಯೋಚನೆ ಬಿಟ್ಟು ಚಾಚಾ ಹತ್ತಿರ ಬಾಡಿ ಎತ್ತಿಸುವ ದರ ಕೇಳಿದ್ದಾರಂತೆ. ಚಾಚಾ ಹೇಳಿದ ಷರತ್ತು ಒಂದೇ: "ಸುಗ್ಗಿ ಮುಗದ ಮ್ಯಾಲ ಬರ್ರಿ. ಬರೂ ಮುಂದ ಹಮಾಲ್ರನ್ನ ನೀವೇ ಕರ್ಕೊಂಡ್ ಬರ್ರಿ."